ಮೊದಲ ರೈಫಲ್ಲಿಗೆ ಪಾಯಿಂಟ್ 22 ಸಾಕು

ಟೆಕ್ಸಾಸ್‌ನಲ್ಲಿ ಹೊಸಬರಿಗೆ ರೈಫಲ್ ಹಿಡಿಯುವುದನ್ನು ಕಲಿಸುವುದು ನನ್ನ ಕೆಲಸ. ರೇಂಜಿನಲ್ಲಿ ಸಿಗುವ ಕನ್ನಡದವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. ಕಡಿಮೆ ದುಡ್ಡಿಗೆ ಒಳ್ಳೆಯ ಸೆಮಿ ಆಟೊಮ್ಯಾಟಿಕ್ ರೈಫಲ್ ಯಾವುದು ಸರ್? ಸೆಮಿ ಆಟೊಮ್ಯಾಟಿಕ್ ಅಂದರೆ ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಗುಂಡು ಹಾರಿ, ಮುಂದಿನದು ತಾನೇ ಒಳಗೆ ಬಂದು ಕೂರುವ ರೈಫಲ್. ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಸೈನ್ಯದ ರೈಫಲ್ಲಿನಂತೆ ಕಾಣುವ ಎಆರ್ ಮಾದರಿಯ ಕಪ್ಪು ರೈಫಲ್ ಇರುತ್ತದೆ. ನಾನು ಹೇಳುವುದು ಬೇರೆ. ಮೊದಲು ಪಾಯಿಂಟ್ 22, ಅಂದರೆ ಸಣ್ಣ, ಅಗ್ಗದ ಗುಂಡಿನ ರೈಫಲ್ ತಗೊಳ್ಳಿ, ಎಆರ್ ಆಮೇಲೆ ನೋಡೋಣ.

ಯಾಕೆ ಅಂದರೆ ಖರ್ಚು ಬಂದೂಕಿಗೆ ಮುಗಿಯುವುದಿಲ್ಲ, ಗುಂಡಿನಲ್ಲಿ ಮುಂದುವರಿಯುತ್ತದೆ. ಎಆರ್‌ಗೆ ಹಾಕುವ .223 ಗುಂಡು ಒಂದಕ್ಕೆ ಸುಮಾರು 50 ಸೆಂಟ್. ಪಾಯಿಂಟ್ 22 ಗುಂಡು ಸುಮಾರು 8 ಸೆಂಟ್. ಒಂದು ಮಧ್ಯಾಹ್ನ 200 ಗುಂಡು ಹೊಡೆದರೆ ಮೊದಲನೆಯದಕ್ಕೆ 100 ಡಾಲರ್ ಹೋಗುತ್ತದೆ, ಎರಡನೆಯದಕ್ಕೆ 16. ತಿಂಗಳಿಗೊಮ್ಮೆ ಹೋಗುವವರು ವರ್ಷದ ಲೆಕ್ಕ ಹಾಕಿ ನೋಡಿ, 1200 ಎಲ್ಲಿ, 200ರೊಳಗೆ ಎಲ್ಲಿ! ಎಆರ್ ತಗೊಂಡ ಎಷ್ಟೋ ಜನ ಮೊದಲೆರಡು ಸಲ ಬಂದು, ಗುಂಡಿನ ಬಿಲ್ ನೋಡಿ, ಆಮೇಲೆ ಬರುವುದನ್ನೇ ಬಿಡುತ್ತಾರೆ. ಅಭ್ಯಾಸ ಇಲ್ಲದವರ ಮನೆಯಲ್ಲಿ ಬಂದೂಕು ಸುಮ್ನೆ ಬಿದ್ದಿರುವುದು ನನಗೆ ನಿಜಕ್ಕೂ ಇಷ್ಟವಿಲ್ಲದ ವಿಷಯ.

ಅಂಗಡಿಗೆ ಹೋಗುವ ಮುಂಚೆ ನಿಮ್ಮ ವೀಸಾ ನೋಡಿಕೊಳ್ಳಿ. ಇದನ್ನು ನಮ್ಮ ಜನ ಗಮನಿಸುವುದೇ ಇಲ್ಲ. ಎಚ್-1ಬಿ, ಎಲ್-1, ಎಫ್-1 ತರಹದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆಯುತ್ತದೆ. ವಿನಾಯಿತಿಗಳು ಕೆಲವೇ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರುವುದು ಅದರಲ್ಲಿ ಒಂದು. ಇದು ಖರೀದಿಗೆ ಮಾತ್ರ ಅಂದುಕೊಳ್ಳಬೇಡಿ, ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹೊಡೆಯುವಾಗಲೂ ಬಂದೂಕು ನಿಮ್ಮ ಕೈಯಲ್ಲೇ ಇರುತ್ತದಲ್ವಾ? ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ಸ್ವಲ್ಪ ಅನುಮಾನ ಇದ್ದರೂ ವಲಸೆ ವಕೀಲರನ್ನು ಕೇಳಿ. ಅರ್ಧ ಗಂಟೆಯ ಫೀಸಿಗೆ ಹಿಂದೆಮುಂದೆ ನೋಡಿ ಇಷ್ಟು ವರ್ಷ ಕಾದ ಗ್ರೀನ್ ಕಾರ್ಡನ್ನೇ ಅಪಾಯಕ್ಕೆ ಒಡ್ಡಬೇಡಿ.

ಸಿಟಿಜನ್ ಆದ ಗೆಳೆಯನ ಹೆಸರಲ್ಲಿ ತಗೊಳ್ಳೋಣ ಅನ್ನುವ ಯೋಚನೆಯಂತೂ ಬೇಡವೇ ಬೇಡ. ಅಂಗಡಿಯಲ್ಲಿ ತುಂಬುವ 4473 ಫಾರಂನಲ್ಲಿ, ಇದನ್ನು ಕೊಳ್ಳುತ್ತಿರುವುದು ನಿಜವಾಗಿಯೂ ನೀವೇನಾ ಅಂತ ಕೇಳುತ್ತಾರೆ. ಅಲ್ಲಿ ಸುಳ್ಳು ಬರೆಯುವುದು ಗಂಭೀರ ಅಪರಾಧ. 2022ರ ಕಾನೂನಿನ ಪ್ರಕಾರ, ಕಾನೂನು ತಡೆದ ವ್ಯಕ್ತಿಗೆ ಹೀಗೆ ಬೇನಾಮಿಯಾಗಿ ಕೊಂಡುಕೊಟ್ಟರೆ 15 ವರ್ಷದವರೆಗೆ ಜೈಲು ಆಗಬಹುದು.

ರಾಜ್ಯದಿಂದ ರಾಜ್ಯಕ್ಕೂ ಕಾನೂನು ಬೇರೆ. ಇಲಿನಾಯ್, ನ್ಯೂಜೆರ್ಸಿಯಲ್ಲಿ ಬಂದೂಕು ಕೊಳ್ಳಲು ಮೊದಲು ರಾಜ್ಯದ ಗುರುತಿನ ಕಾರ್ಡ್ ಮಾಡಿಸಬೇಕು. ನ್ಯೂಯಾರ್ಕ್‌ನಲ್ಲಿ 2022ರಿಂದ ಸೆಮಿ ಆಟೊಮ್ಯಾಟಿಕ್ ರೈಫಲ್ ಕೊಳ್ಳಲು ಲೈಸೆನ್ಸ್ ಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಪಾಯಿಂಟ್ 22 ಸೆಮಿ ಆಟೊಮ್ಯಾಟಿಕ್‌ಗೂ 21 ವಯಸ್ಸು ಆಗಿರಬೇಕು.

ಈಗ ರೈಫಲ್ಲುಗಳ ವಿಷಯಕ್ಕೆ ಬರೋಣ.

ಹೆಚ್ಚಿನವರಿಗೆ ನನ್ನ ಉತ್ತರ ರೂಗರ್ 10/22. 1964ರಿಂದ ಬರುತ್ತಿದೆ, ತೂಕ ಸುಮಾರು 5 ಪೌಂಡ್, ಸಾದಾ ಮಾದರಿಗೆ 300 ಡಾಲರ್ ಆಸುಪಾಸು. ಅದರ ನಿಜವಾದ ಬಲ ಮ್ಯಾಗಜಿನ್, ಅಂದರೆ ಗುಂಡು ತುಂಬಿಡುವ ಡಬ್ಬಿ. ಪಾಯಿಂಟ್ 22 ಗುಂಡಿನ ಹಿಂಭಾಗದಲ್ಲಿ ಅಂಚು ಹೊರಗೆ ಚಾಚಿಕೊಂಡಿರುತ್ತದೆ, ಕಿಡಿ ಹತ್ತಿಸುವ ಮದ್ದು ಇರುವುದೂ ಆ ಅಂಚಿನೊಳಗೇ. ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿದಾಗ ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಮುಂದಕ್ಕೆ ಬರುವುದೇ ಇಲ್ಲ, ರೈಫಲ್ ಜಾಮ್ ಆಗುತ್ತದೆ. ರೂಗರ್‌ನವರು 10 ಗುಂಡುಗಳನ್ನು ತಿರುಗುವ ಚಕ್ರದ ಬೇರೆ ಬೇರೆ ಗೂಡಿನಲ್ಲಿ ಕೂರಿಸಿ ಈ ತೊಂದರೆಯನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದರು. ಅಗ್ಗದ ರೈಫಲ್ಲುಗಳು ಕೈಕೊಡುವುದು ಬಹಳ ಸಲ ಮ್ಯಾಗಜಿನ್ನಿನಲ್ಲೇ. ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಬಿಡಿ ಭಾಗಗಳು ಎಲ್ಲೆಡೆ ಸಿಗುತ್ತವೆ, ಮುಂದೆ ಮಾರಿದರೂ ಒಳ್ಳೆಯ ಬೆಲೆ ಬರುತ್ತದೆ.

ಎರಡು ಕೊರತೆ ಹೇಳಲೇಬೇಕು. ಕೊನೆಯ ಗುಂಡು ಹಾರಿದ ಮೇಲೆ ಇದರ ಬೋಲ್ಟ್, ಅಂದರೆ ಹಿಂದೆಮುಂದೆ ಸರಿದು ಗುಂಡನ್ನು ಒಳಗೆ ತಳ್ಳುವ ಭಾಗ, ತೆರೆದು ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ. ನೋಡಿದರೆ ಖಾಲಿಯೋ ತುಂಬಿದೆಯೋ ತಿಳಿಯದು. ಹಾಗಾಗಿ ಮ್ಯಾಗಜಿನ್ ತೆಗೆದು, ಬೋಲ್ಟ್ ಎಳೆದು, ಗುಂಡು ಕೂರುವ ಚೇಂಬರಿನೊಳಗೆ ಕಣ್ಣಿಟ್ಟು ನೋಡುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಬೇಕು. ಎರಡನೆಯದು ಸ್ವಚ್ಛ ಮಾಡುವಾಗಿನದು. ಸಾದಾ ಮಾದರಿಯಲ್ಲಿ ಕಡ್ಡಿಯನ್ನು ಹಿಂದಿನಿಂದ ಹಾಕಲು ದಾರಿ ಇಲ್ಲ, ಎಳೆಯುವ ಹಗ್ಗದಂಥ ಬ್ರಷ್ ತಗೊಂಡರೆ ಸುಲಭ.

ಇದಕ್ಕಿಂತ ಕಡಿಮೆಗೆ ವಿಂಚೆಸ್ಟರ್ ವೈಲ್ಡ್‌ಕ್ಯಾಟ್ ಇದೆ. ಟರ್ಕಿಯಲ್ಲಿ ತಯಾರಾಗುತ್ತದೆ, ಸುಮಾರು 4 ಪೌಂಡ್, 2019ರಲ್ಲಿ ಬಂದದ್ದು. ಜಾಣತನದ ವಿಷಯ ಏನಂದರೆ ರೂಗರ್ 10/22ರ ಮ್ಯಾಗಜಿನ್ ಇದಕ್ಕೂ ಆಗುತ್ತದೆ. ಹಿಂದಿನ ಬಟನ್ ಒತ್ತಿದರೆ ಕೆಳಭಾಗ ಕಳಚಿ ಬರುತ್ತದೆ, ನಳಿಕೆಯನ್ನು ಹಿಂದಿನಿಂದಲೇ ಸ್ವಚ್ಛ ಮಾಡಬಹುದು. ಪ್ಲಾಸ್ಟಿಕ್ ಜಾಸ್ತಿ, ಅದು ಕೆಲವರಿಗೆ ಹಿಡಿಸುವುದಿಲ್ಲ. ಚಿಕ್ಕ ಮೈಕಟ್ಟಿನವರಿಗೆ, ಹದಿಹರೆಯದ ಮಕ್ಕಳಿಗೆ ಕಲಿಸುವವರಿಗೆ ಈ ಹಗುರ ದೊಡ್ಡ ಅನುಕೂಲ.

ಸ್ಯಾವೇಜ್ 64 ಇನ್ನೂ ಅಗ್ಗ. ಗುರಿ ಚೆನ್ನಾಗಿದೆ. ಎಡಗೈಯವರಿಗೆಂದೇ ಮಾಡಿದ ಮಾದರಿಯೂ ಇದೆ, ಈ ಬೆಲೆಯಲ್ಲಿ ಅದು ಅಪರೂಪ. ಮ್ಯಾಗಜಿನ್ ಮಾತ್ರ ತಗಡಿನದು, ಗುಂಡನ್ನು ಹಿಡಿದಿಡುವ ಅದರ ತುಟಿ ಸ್ವಲ್ಪ ಬಾಗಿದರೂ ತಕರಾರು ಶುರು. ರೋಸಿ ಆರ್‌ಎಸ್22 ಬ್ರೆಜಿಲ್‌ನದು, ಹೊಸದರಲ್ಲಿ ಅತಿ ಅಗ್ಗದವುಗಳಲ್ಲಿ ಒಂದು. ಬಜೆಟ್ ತೀರಾ ಬಿಗಿ ಇದ್ದರೆ ಸರಿ.

ಹಳೆಯದನ್ನು ಹುಡುಕುವವರಿಗೆ ಮಾರ್ಲಿನ್ 60 ಸಿಗುತ್ತದೆ. 1960ರಿಂದ ಒಂದು ಕೋಟಿಗೂ ಹೆಚ್ಚು ತಯಾರಾಗಿವೆ, ನಳಿಕೆಯ ನಿಖರತೆಗೆ ಹೆಸರುವಾಸಿ. ಆದರೆ ಮೊದಲ ರೈಫಲ್ ಆಗಿ ನಾನು ಇದನ್ನು ಹೇಳುವುದಿಲ್ಲ. ಗುಂಡು ತುಂಬುವುದು ನಳಿಕೆಯ ಕೆಳಗಿರುವ ಕೊಳವೆಗೆ, ಹಾಗೆ ತುಂಬುವಾಗ ಕೈ ನಳಿಕೆಯ ಬಾಯಿಯ ಹತ್ತಿರ ಹೋಗುತ್ತದೆ. ಖಾಲಿ ಮಾಡಿದ ಮೇಲೂ ಕೊಳವೆಯಲ್ಲಿ ಒಂದು ಗುಂಡು ಸಿಕ್ಕಿಕೊಂಡು ಉಳಿಯಬಹುದು. ಅನುಭವ ಇರುವವರಿಗೆ ಅದು ಗೊತ್ತಿರುತ್ತದೆ, ಹೊಸಬರಿಗೆ ಗೊತ್ತಿರುವುದಿಲ್ಲ. ಕೊಂಡೇ ಕೊಳ್ಳುತ್ತೀರಿ ಅಂದರೆ ಒಳಗೆ ಹಿಂಭಾಗದಲ್ಲಿರುವ ಪ್ಲಾಸ್ಟಿಕ್ ಬಫರ್ ಸೀಳಿದೆಯಾ ಅಂತ ನೋಡಿ.

ಎಆರ್ ತರಹವೇ ಬೇಕು, ಗುಂಡು ಮಾತ್ರ ಅಗ್ಗ ಇರಲಿ ಅನ್ನುವವರಿಗೆ ಸ್ಮಿತ್ ಆಂಡ್ ವೆಸನ್‌ನ 15-22 ಇದೆ. ನಾನು ಕಂಡಂತೆ ಒಳ್ಳೆಯ ರೈಫಲ್. ಬೆಲೆ ಜಾಸ್ತಿ, ಮತ್ತು ನ್ಯೂಯಾರ್ಕ್, ನ್ಯೂಜೆರ್ಸಿಯಂಥ ಕಡೆ ಅದರ ರೂಪಕ್ಕೇ ನಿರ್ಬಂಧ ಇದೆ.

ಗುಂಡನ್ನು ತಗೊಳ್ಳುವಾಗಲೂ ಒಂದಿಷ್ಟು ಯೋಚಿಸಿ. ಈ ರೈಫಲ್ಲುಗಳಲ್ಲಿ ಬೋಲ್ಟನ್ನು ಹಿಂದಕ್ಕೆ ತಳ್ಳುವುದು ಗುಂಡಿನ ಒತ್ತಡವೇ. ಸದ್ದು ಕಡಿಮೆ ಅಂತ ನಿಧಾನದ ಸಬ್‌ಸಾನಿಕ್ ಗುಂಡು ಹಾಕಿದರೆ ಎಷ್ಟೋ ಸಲ ಬೋಲ್ಟ್ ಪೂರ್ತಿ ಹಿಂದೆ ಹೋಗುವುದಿಲ್ಲ. ಹೊಸಬರು ಅದನ್ನು ರೈಫಲ್ಲಿನ ದೋಷ ಅಂದುಕೊಂಡು ಅಂಗಡಿಗೆ ವಾಪಸ್ ಒಯ್ಯುತ್ತಾರೆ. ಸಿಸಿಐ ಮಿನಿ ಮ್ಯಾಗ್ ಥರದ ವೇಗದ ಗುಂಡಿನ ಒಂದು ಪೆಟ್ಟಿಗೆ ಹಾಕಿ ನೋಡಿ. ಅದರಲ್ಲಿ ಸರಿಯಾಗಿ ಓಡಿದರೆ ರೈಫಲ್ ಸರಿ ಇದೆ, ಆಮೇಲೆ ಅಗ್ಗದ ಗುಂಡುಗಳಲ್ಲಿ ಯಾವುದು ಹೊಂದುತ್ತದೆ ಅಂತ ಹುಡುಕಿಕೊಳ್ಳಬಹುದು. ಟ್ರಿಗರ್ ಒತ್ತಿದಾಗ ಗುಂಡು ಸಿಡಿಯದಿದ್ದರೆ ನಳಿಕೆಯನ್ನು ಗುರಿಯತ್ತಲೇ ಹಿಡಿದು 30 ಸೆಕೆಂಡ್ ಕಾದು ಆಮೇಲೆ ಬೋಲ್ಟ್ ಎಳೆಯಿರಿ. ಪಾಯಿಂಟ್ 22 ಸಣ್ಣದು ಅಂತ ಹಗುರವಾಗಿ ತಗೊಳ್ಳಬೇಡಿ. ಅದು ಒಂದು ಮೈಲಿಗಿಂತ ದೂರ ಹಾರಬಲ್ಲದು, ಮನುಷ್ಯರನ್ನು ಕೊಲ್ಲಬಲ್ಲದು.

ಒಟ್ಟು 500 ಡಾಲರ್ ಇಟ್ಟುಕೊಂಡವರಿಗೆ ನನ್ನ ಲೆಕ್ಕ ಹೀಗೆ. ರೈಫಲ್ಲಿಗೆ 250ರಿಂದ 300. ಬೀಗ ಇರುವ ಉಕ್ಕಿನ ಕಪಾಟಿಗೆ 100ರ ಮೇಲೆ. ಮನೆಯಲ್ಲಿ ಮಕ್ಕಳಿದ್ದರೆ ಕಪಾಟು ಮೊದಲು ಬರಲಿ, ರೈಫಲ್ ಆಮೇಲೆ. ಗುಂಡು ಬೇರೆ ಕಡೆ, ಬೇರೆ ಬೀಗದಲ್ಲಿ ಇರಲಿ. ಕಿವಿಗೆ, ಕಣ್ಣಿಗೆ ರಕ್ಷಣೆ 40ರೊಳಗೆ ಆಗುತ್ತದೆ. ಉಳಿದದ್ದಕ್ಕೆ ಗುಂಡು. ಸ್ಕೋಪ್ ಈಗ ಬೇಡ. ಗುರಿ ಹಿಡಿಯಲು ಲೋಹದ ಸೈಟ್ ಬರುವ ಮಾದರಿಯನ್ನೇ ಆರಿಸಿ, 25 ಗಜದಲ್ಲಿ ಅದರಿಂದಲೇ ಕೆಲವು ತಿಂಗಳು ಹೊಡೆಯಿರಿ. ಗುಂಡುಗಳೆಲ್ಲ ಒಂದೇ ಕಡೆ ಗುಂಪಾಗಿ ಬೀಳಲು ಶುರುವಾದ ಮೇಲೆ ಸ್ಕೋಪ್ ಬೇಕೋ ಬೇಡವೋ ಅನ್ನುವುದು ನಿಮಗೇ ತಿಳಿಯುತ್ತದೆ.