ಗೆರಟೆ ಇದ್ದಿಲು ಪುಡಿಯಾಗುತ್ತದೆ, ನ್ಯಾನೊಟ್ಯೂಬ್ ಯಾಕೆ ಆಗುವುದಿಲ್ಲ?

ಪ್ರಶ್ನೆ: ಇಸ್ತ್ರಿಪೆಟ್ಟಿಗೆಗೆ ಹಾಕುವ ಗೆರಟೆ ಇದ್ದಿಲೂ ಕಾರ್ಬನ್, ನ್ಯಾನೊಟ್ಯೂಬ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಯೂ ಕಾರ್ಬನ್. ಇದ್ದಿಲು ಜಜ್ಜಿದರೆ ಪುಡಿ. ನ್ಯಾನೊಟ್ಯೂಬ್ ಮಾತ್ರ ಉಕ್ಕಿಗಿಂತ ಗಟ್ಟಿ ಅಂತಾರೆ. ಅದು ಹೇಗೆ?

ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನನಗೆ ತುಂಬ ಇಷ್ಟವಾದ ಪ್ರಶ್ನೆಯೂ ಹೌದು.

ಪರಮಾಣು ಎರಡರಲ್ಲೂ ಒಂದೇ. ಅವು ಒಂದರ ಕೈ ಇನ್ನೊಂದು ಹಿಡಿದುಕೊಂಡ ರೀತಿ ಬೇರೆ. ಇದ್ದಿಲಿನಲ್ಲಿ ಕಾರ್ಬನ್ನಿನ ಚೂರುಪಾರು ಪದರಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ, ನಡುವೆ ತುಂಬ ತೂತು. ಒತ್ತಿದರೆ ಚೂರು ಚೂರು ಬೇರೆಯಾಗುತ್ತವೆ. ಪೆನ್ಸಿಲಿನ ಗ್ರಾಫೈಟ್‌ನಲ್ಲಿ ಪದರಗಳು ಒಪ್ಪವಾಗಿವೆ, ಆದರೆ ಒಂದರ ಮೇಲೊಂದು ಸುಮ್ನೆ ಕೂತಿವೆ. ಅದಕ್ಕೇ ಅವು ಜಾರಿ ಕಾಗದಕ್ಕೆ ಅಂಟಿಕೊಳ್ಳುತ್ತವೆ. ಒಂದು ಪದರದ ಒಳಗಿನ ಕಥೆ ಮಾತ್ರ ಬೇರೆ. ಅಲ್ಲಿ ಪ್ರತಿ ಪರಮಾಣು ಮೂರು ನೆರೆಯವರನ್ನು ಗಟ್ಟಿಯಾಗಿ ಹಿಡಿದು, ಜೇನುಹುಟ್ಟಿನ ಹಾಗೆ ಆರು ಮೂಲೆಯ ಕಣ್ಣುಗಳ ಬಲೆ ಮಾಡಿರುತ್ತದೆ. ಆ ಹಿಡಿತ ಬಿಡಿಸುವುದು ಬಹಳ ಕಷ್ಟ.

ಆ ಒಂದೇ ಪದರವನ್ನು ಚಾಪೆಯಂತೆ ಸುರುಳಿ ಸುತ್ತಿ, ಅಂಚಿಗೆ ಅಂಚು ಬೆಸೆದರೆ ನ್ಯಾನೊಟ್ಯೂಬ್. ಬೆಸೆದ ಗುರುತು ಎಲ್ಲೂ ಇರುವುದಿಲ್ಲ. ಒಂದು ಗೋಡೆಯ ಕೊಳವೆಯ ಅಗಲ ಸುಮಾರು 1 ನ್ಯಾನೊಮೀಟರ್. ಒಂದು ತಲೆಗೂದಲಿನ ದಪ್ಪಕ್ಕೆ ಇಂಥವು ಹತ್ತಾರು ಸಾವಿರ ಸಾಲಾಗಿ ನಿಲ್ಲಬೇಕು. ಒಂದರೊಳಗೊಂದು ಕೂತ ಬಹುಗೋಡೆಯ ಕೊಳವೆಗಳೂ ಇವೆ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಲೋಕದ ಗಮನ ಸೆಳೆದದ್ದು ಅವುಗಳ ಕಡೆಗೇ. ಕಾರ್ಬನ್ನಿನ ಟೊಳ್ಳು ಎಳೆಗಳ ಚಿತ್ರವನ್ನು ರಷ್ಯಾದ ಇಬ್ಬರು ವಿಜ್ಞಾನಿಗಳು 1952ರಲ್ಲೇ ಪ್ರಕಟಿಸಿದ್ದರು. ಅವರನ್ನೂ ನೆನೆಯಬೇಕು.

ಈಗ ಗಟ್ಟಿತನ. ಕೊಳವೆಯನ್ನು ಉದ್ದಕ್ಕೆ ಎಳೆದರೆ ಭಾರವೆಲ್ಲ ಆ ಬಲವಾದ ಹಿಡಿತಗಳ ಮೇಲೇ ಬೀಳುತ್ತದೆ. 2000ದಲ್ಲಿ ಬಹುಗೋಡೆಯ ಕೊಳವೆಗಳನ್ನು ಒಂದೊಂದಾಗಿ ಎಳೆದು ನೋಡಿದಾಗ, ಹೊರಗೋಡೆ ತುಂಡಾಗಲು 11ರಿಂದ 63 ಗಿಗಾಪಾಸ್ಕಲ್ (ಇಷ್ಟು ಜಾಗದ ಮೇಲೆ ಎಷ್ಟು ಎಳೆತ ಎಂದು ಹೇಳುವ ಅಳತೆ) ಬೇಕಾಯಿತು. ಕಟ್ಟಡಕ್ಕೆ ಬಳಸುವ ಸಾಧಾರಣ ಉಕ್ಕಿಗೆ ಅರ್ಧ ಗಿಗಾಪಾಸ್ಕಲ್ ಆಸುಪಾಸು ಸಾಕು.

ಇದಕ್ಕಿಂತಲೂ ಸೋಜಿಗದ್ದು ವಿದ್ಯುತ್ತಿನ ವಿಷಯ. ಬಣ್ಣದ ಗೆರೆಗಳಿರುವ ಚಾಪೆ ಮನೆಯಲ್ಲಿ ಇದೆ ಅಲ್ವಾ? ನೇರ ಸುತ್ತಿದರೆ ಗೆರೆಗಳು ಬಳೆಗಳಾಗುತ್ತವೆ. ಸ್ವಲ್ಪ ಓರೆ ಮಾಡಿ ಸುತ್ತಿ, ಗೆರೆಗಳು ಹಾವಿನಂತೆ ಬಳಸಿ ಏರುತ್ತವೆ. ಕಾರ್ಬನ್ ಬಲೆಯಲ್ಲೂ ಹಾಗೆಯೇ. ಸುತ್ತಿದ ಓರೆಯನ್ನು ಎರಡು ಸಂಖ್ಯೆಗಳಲ್ಲಿ ಬರೆಯುತ್ತಾರೆ. ಅವುಗಳ ವ್ಯತ್ಯಾಸ ಮೂರರಿಂದ ಭಾಗವಾದರೆ ಕೊಳವೆ ಹೆಚ್ಚುಕಡಿಮೆ ಲೋಹದಂತೆ ವಿದ್ಯುತ್ ಹರಿಸುತ್ತದೆ, ಇಲ್ಲದಿದ್ದರೆ ಅರೆವಾಹಕ, ಅಂದರೆ ಲೋಹದಷ್ಟು ಸರಾಗವಾಗಿ ವಿದ್ಯುತ್ ಹರಿಸದ ವಸ್ತು. ವಸ್ತು ಬದಲಾಗಿಲ್ಲ, ಸುತ್ತು ಮಾತ್ರ ಬದಲು! ತಯಾರಿಸುವಾಗ ಎಲ್ಲ ಬಗೆಯೂ ಬೆರೆತು ಬರುತ್ತವೆ. ಹೆಚ್ಚುಕಡಿಮೆ ಮೂರನೇ ಒಂದು ಪಾಲು ಲೋಹದಂಥವು. ಬೇರ್ಪಡಿಸುವುದೇ ದೊಡ್ಡ ಕೆಲಸ.

"ಹಾಗಾದರೆ ಇದರ ಹಗ್ಗ ಯಾಕೆ ಪೇಟೆಯಲ್ಲಿ ಸಿಗುವುದಿಲ್ಲ?" ಇದು ಮಕ್ಕಳ ಮುಂದಿನ ಪ್ರಶ್ನೆ. ಉತ್ತರ ನಮ್ಮ ಹುರಿಹಗ್ಗದಲ್ಲೇ ಇದೆ. ತೆಂಗಿನ ನಾರು ಗಿಡ್ಡ, ಆದರೆ ಒರಟು. ಹೊಸೆದರೆ ನಾರು ನಾರನ್ನು ಕಚ್ಚಿ ಹಿಡಿಯುತ್ತದೆ. ನ್ಯಾನೊಟ್ಯೂಬಿನ ಮೈ ಬಹಳ ನಯ. ಹೊಸೆದರೂ ಒಂದರ ಪಕ್ಕ ಒಂದು ಜಾರುತ್ತದೆ. ಒಂದೊಂದು ಕೊಳವೆ ಅಷ್ಟು ಗಟ್ಟಿ ಇದ್ದರೂ ಹಗ್ಗಕ್ಕೆ ಅದರ ಸಣ್ಣ ಪಾಲು ಬಲ ಮಾತ್ರ ದಕ್ಕುತ್ತದೆ. ಉದ್ದದ ಕೊಳವೆ ಬೆಳೆಸಿದರೆ ಜಾರಾಟ ಕಡಿಮೆಯಾದೀತು. 2013ರಲ್ಲಿ ಚೀನಾದಲ್ಲಿ ಅರ್ಧ ಮೀಟರ್ ದಾಟಿಸಿದ್ದಾರೆ. ಸದ್ಯಕ್ಕೆ ನ್ಯಾನೊಟ್ಯೂಬ್ ಲಿಥಿಯಂ ಬ್ಯಾಟರಿಗಳ ಒಳಗೆ, ವಿದ್ಯುತ್ ಸರಾಗವಾಗಿ ಹರಿಯಲೆಂದು ಬೆರೆಸುವ ಕಪ್ಪು ಪುಡಿಯಾಗಿ ದುಡಿಯುತ್ತಿದೆ.