ಅಂಟುಬಲ: ಕಾಂಕ್ರೀಟ್ ನೆಲದ ಮೇಲೆ ಎಪಾಕ್ಸಿಯ ಹಿಡಿತ

ಕಾಂಕ್ರೀಟಿನ ಮೇಲೆ ಗಟ್ಟಿಯಾದ ಎಪಾಕ್ಸಿ (ರಾಳಕ್ಕೆ ಗಟ್ಟಿಕಾರಕ ಬೆರೆಸಿ ನೆಲಕ್ಕೆ ಬಳಿಯುವ ಲೇಪನ) ಪದರವನ್ನು ನೇರವಾಗಿ ಮೇಲಕ್ಕೆ ಎಳೆದು ಕೀಳಲು ಚದರಳತೆಗೆ ಎಷ್ಟು ಬಲ ಬೇಕೋ ಅದೇ ಆ ಲೇಪನದ ಅಂಟುಬಲ. ಅದನ್ನು ಮೆಗಾಪಾಸ್ಕಲ್‌ನಲ್ಲಿ ಹೇಳುತ್ತಾರೆ. ಪರೀಕ್ಷೆಗೆ ಸಾಮಾನ್ಯವಾಗಿ 50 ಮಿ.ಮೀ. ವ್ಯಾಸದ ಲೋಹದ ಬಿಲ್ಲೆಯನ್ನು ಲೇಪನಕ್ಕೆ ಅಂಟಿಸಿ, ಸುತ್ತ ಕಾಂಕ್ರೀಟಿನವರೆಗೆ ಕೊರೆದು, ಉಪಕರಣದಿಂದ ನಿಧಾನವಾಗಿ ಎಳೆಯಲಾಗುತ್ತದೆ. 1.5 ಮೆಗಾಪಾಸ್ಕಲ್ ಎಂದರೆ ಅಷ್ಟು ಸಣ್ಣ ಬಿಲ್ಲೆಯ ಮೇಲೆ ಸುಮಾರು 300 ಕಿಲೋ ಎಳೆತ. ಆದರೆ ಅಂಕಿಗಿಂತ ಮೊದಲು ಕಿತ್ತು ಬಂದ ಬಿಲ್ಲೆಯ ಅಡಿಯನ್ನು ನೋಡಬೇಕು. ಅಲ್ಲಿ ಮರಳು, ಜಲ್ಲಿ ಸಮೇತ ಕಾಂಕ್ರೀಟ್ ಕಚ್ಚಿಕೊಂಡಿದ್ದರೆ ಸೋತದ್ದು ಕಾಂಕ್ರೀಟೇ ಹೊರತು ಹಿಡಿತವಲ್ಲ. ಎಪಾಕ್ಸಿಯ ಅಡಿ ಬರಿದಾಗಿ ಹೊಳೆಯುತ್ತಿದ್ದರೆ ಹಿಡಿತವೇ ತಪ್ಪಿದೆ.

ಕಲಬುರಗಿಯ ಬೇಳೆ ಮಿಲ್ಲಿನಲ್ಲೋ ಗೋದಾಮಿನಲ್ಲೋ ಲೇಪನ ಎದ್ದರೆ ಎಲ್ಲರೂ ಬಿಸಿಲನ್ನೇ ದೂರುತ್ತಾರೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಅದು ಸಹಜವೇ, ಪೂರ್ತಿ ಸುಳ್ಳೂ ಅಲ್ಲ: ಮರಳು ಬೆರೆಸದ ಎಪಾಕ್ಸಿ ಕಾಂಕ್ರೀಟಿಗಿಂತ ಐದು ಪಟ್ಟಿನಷ್ಟು ಹಿಗ್ಗುವುದರಿಂದ ಹಗಲು ರಾತ್ರಿಯ ಏರಿಳಿತ ಅವುಗಳ ನಡುವಿನ ಸಂದನ್ನು ದಣಿಸುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳಾದರೋ ಮೇಲ್ಮೈಯನ್ನು ಹಳದಿಗೆ ತಿರುಗಿಸಿ ಪುಡಿಯಾಗಿಸುತ್ತವೆಯೇ ವಿನಾ ಅಡಿಯ ಹಿಡಿತಕ್ಕೆ ತಲುಪುವುದು ಕಡಿಮೆ.

ನಿಜವಾದ ಶತ್ರು ಕೆಳಗಿನಿಂದ ಬರುವ ತೇವ. ಮಳೆಗಾಲದ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುವ ಎರೆಮಣ್ಣಿನ ಮೇಲೆ, ನಡುವೆ ಪ್ಲಾಸ್ಟಿಕ್ ಹಾಳೆ ಹಾಸದೆ ಕಾಂಕ್ರೀಟ್ ಸುರಿದಿದ್ದರೆ, ತೇವವು ಸೂಕ್ಷ್ಮ ರಂಧ್ರಗಳ ಮೂಲಕ ಸಿಮೆಂಟಿನ ಕ್ಷಾರವನ್ನೂ ಹೊತ್ತು ಮೇಲೇರುತ್ತದೆ. ಬರಿಯ ಕಾಂಕ್ರೀಟಿನಿಂದ ಅದು ಆವಿಯಾಗಿ ಹೋಗುತ್ತಿತ್ತು. ಎಪಾಕ್ಸಿ ಬಾಗಿಲು ಮುಚ್ಚಿದ ಮೇಲೆ ಸಂದಿನಲ್ಲೇ ಕೂಡಿಕೊಂಡು, ಎರಡನ್ನೂ ಬೆಸೆದಿದ್ದ ದುರ್ಬಲ ಬಂಧಗಳ ಜಾಗವನ್ನು ತಾನೇ ಆಕ್ರಮಿಸಿ, ಕೊನೆಗೆ ಗುಳ್ಳೆಯೇಳಿಸುತ್ತದೆ. ಜೊತೆಗೆ ನೀರು ಹೀರಿದ ಎಪಾಕ್ಸಿ ಮೊದಲಿಗಿಂತ ಕಡಿಮೆ ಶಾಖಕ್ಕೇ ಮೆತ್ತಗಾಗುತ್ತದೆ. ಹಾಗಾಗಿ ತೇವ ಕುಡಿದ ನೆಲದ ಮೇಲೆ ಬಿಸಿಲು ಬಿದ್ದಾಗ ಹಾನಿ ಇಮ್ಮಡಿಸುತ್ತದೆ.

ಬಳಿಯುವ ಮುನ್ನ ಕಾಂಕ್ರೀಟ್ ಸುರಿದಾಗ ಮೇಲೆ ತೇಲಿ ಒಣಗಿದ ಸಿಮೆಂಟ್ ಹಾಲಿನ ಸಡಿಲ ಪುಡಿಯನ್ನು ಗ್ರೈಂಡರಿನಿಂದ ಉಜ್ಜಿ ತೆಗೆಯಬೇಕು. ಅದು ಉಳಿದರೆ ಬೇರೆಲ್ಲ ಎಚ್ಚರಿಕೆ ವ್ಯರ್ಥ. ಬೀದರಿನ ಚಳಿಗಾಲದ ಬೆಳಗಿನಲ್ಲಿ ಕಣ್ಣಿಗೆ ಕಾಣದ ಇಬ್ಬನಿಯೂ ಹಿಡಿತ ಕೆಡಿಸುತ್ತದಾದ್ದರಿಂದ ನೆಲದ ಉಷ್ಣತೆ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ತೇವ ಪತ್ತೆಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ, 16 ಗಂಟೆಯಾದರೂ ಬಿಟ್ಟು, ಅಡಿಯಲ್ಲಿ ಹನಿಯೋ ಕಪ್ಪು ಕಲೆಯೋ ಇದೆಯೇ ಎಂದು ನೋಡುತ್ತಾರೆ. ಯಾದಗಿರಿಯ ಏಪ್ರಿಲ್‌ನಲ್ಲಿ ಹಾಳೆ ಒಣಗಿಯೇ ಇದ್ದರೂ ಅದು ಆ ತಿಂಗಳ ಮಾತಷ್ಟೇ. ಅದೇ ನೆಲವನ್ನು ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಎಳೆದು ನೋಡದೆ ಅಂಟುಬಲದ ಅಂಕಿಯನ್ನು ನಂಬಲಾಗದು.