ತಲೆಗೆ ಪೆಟ್ಟು ಬಿದ್ದ ಮೇಲೆ: ಮಿದುಳಿನ ಹಾನಿಯನ್ನು ಗುರುತಿಸುವುದು

ಈ ಪಾಠವನ್ನು ಮೊದಲ ಸಲ ಓದಿದಾಗ ಲಕ್ಷಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೆ: ತಲೆನೋವು, ವಾಂತಿ, ತಲೆಸುತ್ತು, ಮರೆವು. ಪರೀಕ್ಷೆಯಲ್ಲಿ ಅಂಕ ಸಿಕ್ಕಿತು, ವಿಷಯ ತಲೆಗೆ ಹತ್ತಿರಲಿಲ್ಲ. ತಲೆಗೆ ಏಟು ಬಿದ್ದರೆ ತಲೆ ನೋಯದೆ ಇರುತ್ತದೆಯೇ? ಕೇಳಬೇಕಾದ್ದು, ಒಂದು ಗಂಟೆಯ ಹಿಂದೆ ಹೇಗಿದ್ದರು, ಈಗ ಹೇಗಿದ್ದಾರೆ ಎಂದು.

ಕಾರಣ ತಲೆಬುರುಡೆಯಲ್ಲೇ ಇದೆ. ಅದು ಹಿಗ್ಗದ ಪೆಟ್ಟಿಗೆ. ಒಳಗೆ ಮಿದುಳು, ರಕ್ತ, ಮಿದುಳನ್ನು ಸುತ್ತುವರಿದ ದ್ರವ ತುಂಬಿಕೊಂಡಿರುತ್ತವೆ. ರಕ್ತ ಸೋರಿ ಗಡ್ಡೆಕಟ್ಟತೊಡಗಿದರೆ ಮೊದಮೊದಲು ದ್ರವವೂ ಅಭಿಧಮನಿಗಳ ರಕ್ತವೂ ಹೊರಸರಿದು ಜಾಗ ಬಿಟ್ಟುಕೊಡುತ್ತವೆ. ಅಷ್ಟು ಹೊತ್ತು ಗಾಯಾಳು ಆರಾಮವಾಗಿಯೇ ಕಾಣಬಹುದು. ಸರಿಯಲು ಇನ್ನೇನೂ ಉಳಿಯದಿದ್ದಾಗ ಒತ್ತಡ ಸರ್ರನೆ ಏರುತ್ತದೆ.

ತಲೆಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ಆಗುವ ಎಪಿಡ್ಯೂರಲ್ ರಕ್ತಸ್ರಾವದ ಮೋಸ ಇಲ್ಲೇ ಇರುವುದು. ಕಣ್ಣಿಗೂ ಕಿವಿಗೂ ನಡುವಿನ ಮೂಳೆ ತೆಳು. ಅದು ಸೀಳಿದರೆ ಒಳಬದಿಯಲ್ಲಿ ಹಾದುಹೋಗುವ ಧಮನಿ ಹರಿದು ರಕ್ತ ಸೋರಬಹುದು. ಬಿದ್ದವನು ಕ್ಷಣಕಾಲ ಪ್ರಜ್ಞೆ ತಪ್ಪುತ್ತಾನೆ, ಎದ್ದು ಕೂರುತ್ತಾನೆ, ‘ನನಗೇನೂ ಆಗಿಲ್ಲ’ ಎನ್ನುತ್ತಾನೆ. ಕೆಲವು ಗಂಟೆಗಳಲ್ಲಿ ಮಂಪರು ಕವಿಯುತ್ತದೆ. ಎಲ್ಲರಲ್ಲೂ ಹೀಗೆ ನಡುವೆ ಚೇತರಿಕೆ ಕಾಣುವುದಿಲ್ಲ. ಕಂಡಾಗ ಮಾತ್ರ ಮನೆಯವರು ನಿರಾಳರಾಗಿಬಿಡುತ್ತಾರೆ.

ಬದಲಾವಣೆಯನ್ನು ಅಂಕಿಯಲ್ಲಿ ಹಿಡಿಯಲೆಂದೇ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ಪ್ರಜ್ಞೆಯ ಮಟ್ಟವನ್ನು ಅಳೆಯುವ ಗ್ಲಾಸ್ಗೋ ಕೋಮಾ ಮಾಪಕವನ್ನು ಪ್ರಕಟಿಸಿದರು. ಅದರ ಈಗಿನ ರೂಪದಲ್ಲಿ ಗರಿಷ್ಠ ಅಂಕ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6. ಒಬ್ಬ ಗಾಯಾಳುವನ್ನು ಊಹಿಸಿಕೊಳ್ಳಿ. ಕರೆದರೆ ಕಣ್ಣು ತೆರೆಯುತ್ತಾನೆ (3), ವಾಕ್ಯವಾಗಿ ಮಾತನಾಡಿದರೂ ಇವತ್ತು ಯಾವ ವಾರವೆಂದು ತಪ್ಪು ಹೇಳುತ್ತಾನೆ (4), ಕೈ ಎತ್ತೆಂದರೆ ಎತ್ತುತ್ತಾನೆ (6). ಮೊತ್ತ 13. ಗಂಟೆಯ ನಂತರ ನೋವು ಕೊಟ್ಟರಷ್ಟೇ ಕಣ್ಣು ತೆರೆಯುತ್ತಾನೆ (2), ಸಂಬಂಧವಿಲ್ಲದ ಬಿಡಿ ಪದಗಳನ್ನು ಆಡುತ್ತಾನೆ (3), ನೋವು ಕೊಟ್ಟ ಕಡೆಗೆ ಕೈ ತಂದು ತಳ್ಳಲು ನೋಡುತ್ತಾನೆ (5). ಮೊತ್ತ 10. ಎರಡನೆಯದನ್ನು ಮಾತ್ರ ಕಂಡವರಿಗೆ ಅದು ‘ಮಧ್ಯಮ’ ಗಾಯ. ಎರಡನ್ನೂ ಕಂಡವರಿಗೆ ಕುಸಿತ. ಮೊತ್ತವೊಂದನ್ನೇ ಬರೆಯದೆ ಮೂರನ್ನೂ ಬಿಡಿಯಾಗಿ ಬರೆಯಿರಿ. ಅಂದಹಾಗೆ ಮೂರರಲ್ಲಿ ಪ್ರತಿಯೊಂದಕ್ಕೂ ಕನಿಷ್ಠ 1 ಇರುವುದರಿಂದ ಕನಿಷ್ಠ ಮೊತ್ತ 3, ಸೊನ್ನೆಯಲ್ಲ. ನಾನು ಇಲ್ಲೇ ಎಡವಿದ್ದೆ.

ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಸುಳಿವುಗಳು: ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಫಿಟ್ಸ್, ಒಂದು ಬದಿಯ ಕೈಕಾಲಿನ ಬಲಹೀನತೆ, ತೊದಲು, ಮೂಗಿನಿಂದಲೋ ಕಿವಿಯಿಂದಲೋ ತಿಳಿನೀರಿನಂಥ ದ್ರವ, ಎಬ್ಬಿಸಿದರೂ ಏಳದ ನಿದ್ರೆ. ಕೂಸು ಮಾತಿನಲ್ಲಿ ಹೇಳಲಾರದು. ಅಳು ನಿಲ್ಲದಿರುವುದು, ಹಾಲು ಕುಡಿಯದಿರುವುದು, ನೆತ್ತಿ ಉಬ್ಬುವುದನ್ನು ಗಮನಿಸಬೇಕು.

ಕಣ್ಣಿನ ಪಾಪೆಯ ಬಗ್ಗೆ ಸ್ವಲ್ಪ ನಿಂತು ನೋಡೋಣ. ಒತ್ತಡಕ್ಕೆ ಮಿದುಳಿನ ಒಂದು ಭಾಗ ಕೆಳಗೆ ಜಾರಿ ಪಾಪೆಯನ್ನು ಕುಗ್ಗಿಸುವ ಮೂರನೆಯ ಕಪಾಲ ನರವನ್ನು ಅದುಮಿದಾಗ, ಸಾಮಾನ್ಯವಾಗಿ ಗಡ್ಡೆ ಇರುವ ಬದಿಯ ಪಾಪೆಯೇ ಹಿಗ್ಗಿ ಬೆಳಕಿಗೆ ಕುಗ್ಗದಾಗುತ್ತದೆ. ಕೈಕಾಲಿನ ಬಲಹೀನತೆ ಹೆಚ್ಚಾಗಿ ಎದುರು ಬದಿಯಲ್ಲಿ. ಆದರೆ ಪಾಪೆ ಬದಲಾಗುವ ಹೊತ್ತಿಗೆ ಪ್ರಜ್ಞೆ ಸಾಮಾನ್ಯವಾಗಿ ಮಸುಕಾಗಿರುತ್ತದೆ. ಪೂರ್ಣ ಎಚ್ಚರದಲ್ಲಿ ಹರಟುವವನ ಪಾಪೆಗಳು ಹೆಚ್ಚುಕಡಿಮೆ ಇದ್ದರೆ ಕಣ್ಣಿಗೇ ಏಟು ಬಿದ್ದಿದೆಯೇ, ಹುಟ್ಟಿನಿಂದ ಹಾಗಿದೆಯೇ ಎಂದೂ ವಿಚಾರಿಸಬೇಕು. ರಕ್ತದೊತ್ತಡ ಏರಿ, ನಾಡಿ ನಿಧಾನವಾಗಿ, ಉಸಿರು ಲಯ ತಪ್ಪುವ ಕುಶಿಂಗ್ ಪ್ರತಿಕ್ರಿಯೆ ಇನ್ನೂ ತಡವಾದ ಸೂಚನೆ. ಅದು ಕಾಣಲೆಂದು ಕಾಯುವುದು ತಪ್ಪು.

ವೃದ್ಧರಲ್ಲಿ ಲೆಕ್ಕ ಗಂಟೆಗಳದ್ದಷ್ಟೇ ಅಲ್ಲ, ವಾರಗಳದ್ದೂ ಹೌದು. ವಯಸ್ಸಾದಂತೆ ಮಿದುಳು ಕುಗ್ಗಿ, ಅದಕ್ಕೂ ಹೊರಪೊರೆಗೂ ನಡುವಿನ ಸಣ್ಣ ಅಭಿಧಮನಿಗಳು ಬಿಗಿಯುತ್ತವೆ. ಸಣ್ಣ ಏಟಿಗೂ ಹರಿದುಹೋಗಿ ರಕ್ತ ನಿಧಾನವಾಗಿ ಸೋರಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಅಪಾಯ ಇನ್ನೂ ಹೆಚ್ಚು. ನಡಿಗೆ ತಡವರಿಸುತ್ತದೆ, ಮಾತು ಕಡಿಮೆಯಾಗುತ್ತದೆ, ಎಲ್ಲರೂ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ತಿಂಗಳ ಹಿಂದೆ ಬಾಗಿಲಿಗೆ ತಲೆ ತಾಗಿದ್ದು ಯಾರಿಗೂ ನೆನಪಿರುವುದಿಲ್ಲ.

ಕೊನೆಗೆ, ಸ್ಕ್ಯಾನಿನಲ್ಲಿ ಏನೂ ಕಾಣದೆಯೂ ಉಳಿಯುವ ಹಾನಿ. ಮಿದುಳು ತಿರುಚಿದಂತೆ ಅಲುಗಿದಾಗ ನರತಂತುಗಳು ಅಲ್ಲಲ್ಲಿ ಘಾಸಿಗೊಳ್ಳುತ್ತವೆ, ಸಿ.ಟಿ. ಸ್ಕ್ಯಾನ್ ಅದನ್ನು ತೋರಿಸದಿರಬಹುದು. ಮುಂಗೋಪ, ಗಮನ ನಿಲ್ಲದಿರುವುದು, ಬೇಗ ದಣಿವು ಇವುಗಳನ್ನು ಗಾಯಾಳುವಿಗಿಂತ ಮೊದಲು ಮನೆಯವರೇ ಗುರುತಿಸುವುದುಂಟು. ಇನ್ನೊಂದನ್ನು ಯಾರೂ ಕೇಳುವುದಿಲ್ಲ: ವಾಸನೆ. ಮೂಗಿನ ಮೇಲ್ಭಾಗದ ಮೂಳೆಯ ತೂತುಗಳಲ್ಲಿ ಹಾಯುವ ಎಳೆಯಂಥ ನರಗಳು ಏಟಿನ ಕುಲುಕಿಗೆ ಕಡಿದುಹೋಗಬಹುದು. ಗಾಯಾಳು ಬಂದು ಹೇಳುವುದು ‘ವಾಸನೆ ಬರುತ್ತಿಲ್ಲ’ ಎಂದಲ್ಲ, ‘ಊಟ ರುಚಿಸುತ್ತಿಲ್ಲ’ ಎಂದು.